ಯಹೂದಿಗಳ ಮನೆಯಲ್ಲಿ ಸಾವಾದರೆ ಏಳು ದಿನ ಏನು ನಡೆಯುತ್ತದೆ? ಮಾತಾಡಿಸಲು ಹೋದವರು ಹೇಗಿರಬೇಕು?

ಎಣಿಕೆ ಸತ್ತ ದಿನದಿಂದಲ್ಲ, ಮಣ್ಣು ಮಾಡಿದ ದಿನದಿಂದ. ಹೊರಗಿನವರು ತಪ್ಪುವುದು ಇಲ್ಲೇ. ಆ ದಿನವೇ ಒಂದನೆಯದು. ಏಳನೆಯ ದಿನ ಬೆಳಗಿನ ಪ್ರಾರ್ಥನೆಯಾಗಿ ಸ್ವಲ್ಪ ಹೊತ್ತಿಗೆ ‘ಶಿವಾ’ ಎಂಬ ಈ ಶೋಕಾಚರಣೆ ಮುಗಿಯುತ್ತದೆ. (ನಮ್ಮ ಶಿವನಿಗೂ ಇದಕ್ಕೂ ಸಂಬಂಧವಿಲ್ಲ, ಹೀಬ್ರೂವಿನಲ್ಲಿ ಏಳು ಎಂದರ್ಥ.) ನಡುವಿನ ಸಬ್ಬತ್ (ಶನಿವಾರದ ವಿಶ್ರಾಂತಿ ದಿನ) ಲೆಕ್ಕಕ್ಕುಂಟು, ಅಂದು ಬಹಿರಂಗ ಶೋಕವಿಲ್ಲ.

ಶೋಕದಲ್ಲಿರುವವರು ತೊಟ್ಟ ಬಟ್ಟೆಯನ್ನು ನಿಂತುಕೊಂಡೇ ಹರಿಯಬೇಕು. ತಂದೆ ತಾಯಿ ಹೋದರೆ ಎಡಗಡೆ, ಎದೆಯ ಮೇಲೆ. ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರಾದರೆ ಬಲಗಡೆ. ಅಳತೆ ಒಂದು ಅಂಗೈಯಗಲ, ಸುಮಾರು 8 ಸೆಂ.ಮೀ. ಸ್ಮಶಾನದಿಂದ ಬಂದ ಮೇಲಿನ ಮೊದಲ ಊಟ ಸ್ವಂತದ್ದಾಗಬಾರದು. ನೆರೆಯವರು ಬ್ರೆಡ್, ಬೇಯಿಸಿದ ಮೊಟ್ಟೆ, ಮಸೂರ ತರುತ್ತಾರೆ. ಮಸೂರಕ್ಕೆ ಕಡಲೆಯಂಥ ಸೀಳು ಬಾಯಿಯಿಲ್ಲ, ದುಃಖಿತನಿಗೂ ಬಾಯಿಲ್ಲ ಎಂಬ ಲೆಕ್ಕ.

ಹೋದವರು ಮೊದಲು ಮಾತೆತ್ತಬಾರದು, ಕುಶಲವನ್ನೂ ಕೇಳಬಾರದು. ತಗ್ಗು ಪೀಠದಲ್ಲಿ ಕೂತ ದುಃಖಿತರೇ ಬಾಯಿ ತೆರೆಯಲಿ. ಅರ್ಧ ಗಂಟೆ ಮೌನವಾಗಿದ್ದು ಎದ್ದು ಬಂದರೂ ತಪ್ಪಿಲ್ಲ. ಪ್ರಾರ್ಥನೆಯ ಹೊತ್ತಿಗೆ ಹೋದರೆ ಇನ್ನೂ ಉಪಕಾರ: ಶೋಕದಲ್ಲಿರುವವರ ಪ್ರಾರ್ಥನೆ ‘ಕದ್ದಿಶ್’ ಹೇಳಲು 10 ವಯಸ್ಕ ಯಹೂದಿಗಳು ಬೇಕು (ಸಂಪ್ರದಾಯಸ್ಥರಲ್ಲಿ 13 ತುಂಬಿದ ಗಂಡಸರು), ಒಂಬತ್ತಾದರೆ ನಡೆಯದು. ಆ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಇಲ್ಲ, ಇರುವುದೆಲ್ಲ ದೇವರ ಸ್ತುತಿ.