ಸಸಿಮಡಿ ಹಾಕಿದವರು ಯಾರು?

ಹರಿಹರದ ಒಬ್ಬ ದೈಹಿಕ ಶಿಕ್ಷಣ ಶಿಕ್ಷಕರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಲಂಡನ್ನಿನ ಬ್ರೆಂಟ್‌ಫರ್ಡ್ ಫುಟ್‌ಬಾಲ್ ಕ್ಲಬ್ 2016ರಲ್ಲಿ ತನ್ನ ಯುವ ಅಕಾಡೆಮಿಯನ್ನು ಮುಚ್ಚಿದ ಬಗ್ಗೆ ಹೋದ ಸಂಚಿಕೆಯಲ್ಲಿ ನಾವು ಬರೆದದ್ದು ಅವರಿಗೆ ಹಿಡಿಸಿಲ್ಲ. ಅವರ ಮಾತು ಹೀಗಿದೆ: "ನೀವು ಸುಮ್ನೆ ಕಣ್ಣೀರು ಹಾಕಿದ್ದೀರಿ. ಅಕಾಡೆಮಿ ಮುಚ್ಚಿದ ಐದೇ ವರ್ಷಕ್ಕೆ ಆ ಕ್ಲಬ್ ಇಂಗ್ಲೆಂಡಿನ ಅತಿ ಮೇಲಿನ ಹಂತವಾದ ಪ್ರೀಮಿಯರ್ ಲೀಗ್‌ಗೆ ಏರಿತು. ಮುಚ್ಚಿದ್ದು ಸರಿ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕೇ? ನಮ್ಮ ಕಡೆ ಗದ್ದೆ ಮಾಡುವವರು ಒಳ್ಳೆಯ ಸಸಿ ಕೊಳ್ಳಲು ಸಿಕ್ಕರೆ ಸಸಿಮಡಿ ಹಾಕುವ ಗೋಜಿಗೆ ಹೋಗುವುದಿಲ್ಲ. ಇದೂ ಅಷ್ಟೇ ಅಲ್ವಾ?"

ಪ್ರಿಯ ಮೇಷ್ಟ್ರೇ,

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಬ್ರೆಂಟ್‌ಫರ್ಡ್ ಆಗ ಮೂರನೇ ಹಂತದಲ್ಲಿ ಆಡುತ್ತಿತ್ತು ಎಂದು ಅಚ್ಚಾಗಿತ್ತು. ನೀವು ಹೇಳಿದ್ದೇ ಸರಿ. 2014ರಲ್ಲೇ ಅದು ಎರಡನೇ ಹಂತದ ಚಾಂಪಿಯನ್‌ಶಿಪ್‌ಗೆ ಬಂದಿತ್ತು. ಇನ್ನೊಂದು ವಿಷಯದಲ್ಲೂ ನಿಮ್ಮ ಸಿಟ್ಟು ನ್ಯಾಯವಾದದ್ದು. ನಮ್ಮ ಲೇಖನ ಓದಿದರೆ ಯಾರೋ ದುಡ್ಡಿನ ಆಸೆಗೆ ಮಕ್ಕಳನ್ನು ಬೀದಿಗೆ ತಳ್ಳಿದರು ಅನ್ನಿಸುತ್ತದೆ. ಅದು ಹಾಗಲ್ಲ. ಮಾಲೀಕ ಮ್ಯಾಥ್ಯೂ ಬೆನ್‌ಹ್ಯಾಮ್ ಚಿಕ್ಕಂದಿನಿಂದ ಆ ಕ್ಲಬ್ಬಿನ ಅಭಿಮಾನಿ. ಕೈಯಿಂದ ಹಣ ಹಾಕಿ ಅದನ್ನು ಉಳಿಸಿದವರು. ಆಗಿನ ಅವರ ಮೈದಾನ ಗ್ರಿಫಿನ್ ಪಾರ್ಕ್‌ನಲ್ಲಿ ಹನ್ನೆರಡು ಸಾವಿರದ ಆಸುಪಾಸು ಜನ ಹಿಡಿಸುತ್ತಿದ್ದರು, ಅಷ್ಟೇ. ಪಕ್ಕದಲ್ಲೇ ಚೆಲ್ಸಿ, ಫುಲ್‌ಹ್ಯಾಮ್, ಕ್ವೀನ್ಸ್ ಪಾರ್ಕ್ ರೇಂಜರ್ಸ್. ಒಂದೇ ಊರಿನ ಹುಡುಗರಿಗಾಗಿ ಇಷ್ಟು ಕ್ಲಬ್‌ಗಳ ಪೈಪೋಟಿ. ಅಕಾಡೆಮಿಗೆ ವರ್ಷಕ್ಕೆ ಹತ್ತು ಲಕ್ಷ ಪೌಂಡ್‌ಗಿಂತ ಜಾಸ್ತಿ ಖರ್ಚು. ಬೆಳೆದ ಹುಡುಗ ಕೈಗೆ ಬರುವ ಹೊತ್ತಿಗೆ ದೊಡ್ಡವರು ಬಂದು ಕರೆದುಕೊಂಡು ಹೋಗುತ್ತಾರೆ. ಮುಚ್ಚುವಾಗ ಕ್ಲಬ್ ಕೊಟ್ಟ ಕಾರಣವೂ ಹೆಚ್ಚುಕಡಿಮೆ ಇದೇ.

ಇಲ್ಲಿವರೆಗೆ ನಾನು ನಿಮ್ಮ ಜೊತೆಗಿದ್ದೇನೆ. ಆದರೆ ದೊಡ್ಡವರು ಹಾಗೆ ಕರೆದುಕೊಂಡು ಹೋಗುವುದು ಹೇಗೆ ಸುಲಭವಾಯಿತು ಎಂದು ನೋಡಬೇಕು. ನಮ್ಮ ಲೇಖನ ಅದನ್ನು ಎರಡು ಸಾಲಿನಲ್ಲಿ ಮುಗಿಸಿತ್ತು. ಅದೇ ನಮ್ಮ ದೊಡ್ಡ ಲೋಪ.

2012ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಒಂದು ಕ್ಲಬ್ ಇನ್ನೊಂದರ ಎಳೆಯ ಆಟಗಾರನನ್ನು ಎಳೆದುಕೊಂಡರೆ, ಎರಡೂ ಕ್ಲಬ್ ಕೂತು ಬೆಲೆ ಮಾತಾಡಬೇಕಿತ್ತು. ಹೊಂದಿಕೆ ಆಗದಿದ್ದರೆ ಒಂದು ನ್ಯಾಯಮಂಡಳಿ ತೀರ್ಮಾನ ಕೊಡುತ್ತಿತ್ತು. ಮನೆಯಿಂದ ಒಂದೂವರೆ ಗಂಟೆಗಿಂತ ದೂರದ ಅಕಾಡೆಮಿಗೆ ಮಕ್ಕಳನ್ನು ಸೇರಿಸಿಕೊಳ್ಳುವಂತಿಲ್ಲ ಎಂಬ ನಿಯಮವೂ ಇತ್ತು. ಸಣ್ಣ ಊರಿನ ಕ್ಲಬ್‌ಗೆ ಅದು ಬೇಲಿಯಿದ್ದಂತೆ. ಆಮೇಲೆ ಪ್ರೀಮಿಯರ್ ಲೀಗ್ 'ಎಲೀಟ್ ಪ್ಲೇಯರ್ ಪರ್ಫಾರ್ಮೆನ್ಸ್ ಪ್ಲಾನ್' ಎಂಬ ಯೋಜನೆ ತಂದಿತು. ಅಕಾಡೆಮಿಗಳನ್ನು ನಾಲ್ಕು ದರ್ಜೆ ಮಾಡಿತು. ದೂರದ ನಿಯಮ ಹೋಯಿತು. ಬೆಲೆ ಮಾತಾಡುವ ಬದಲು ದರಪಟ್ಟಿ ಬಂತು. ಆರಂಭದ ದರದಂತೆ 9ರಿಂದ 11 ವರ್ಷದ ಹುಡುಗನಾದರೆ ಅವನನ್ನು ಬೆಳೆಸಿದ ಪ್ರತಿ ವರ್ಷಕ್ಕೆ 3,000 ಪೌಂಡ್, ಅಂದರೆ ನಮ್ಮ ಲೆಕ್ಕದಲ್ಲಿ ಮೂರು ಲಕ್ಷ ರೂಪಾಯಿಯ ಸುತ್ತಮುತ್ತ. 12ರಿಂದ 16ರವರೆಗೆ ಅಕಾಡೆಮಿಯ ದರ್ಜೆ ನೋಡಿ ವರ್ಷಕ್ಕೆ 12,500ರಿಂದ 40,000 ಪೌಂಡ್. ಆಟಗಾರ ಮುಂದೆ ಮಿಂಚಿದರೆ ಇನ್ನಷ್ಟು ಸಿಗುವ ಅವಕಾಶ ಇದೆ. ಆದರೆ ಆ 'ಮುಂದೆ' ಎಷ್ಟೋ ಹುಡುಗರ ಪಾಲಿಗೆ ಬರುವುದೇ ಇಲ್ಲ.

ಇದಕ್ಕೆ ಸಣ್ಣ ಕ್ಲಬ್‌ಗಳು ಒಪ್ಪಿದ್ದಾದರೂ ಯಾಕೆ? 2011ರ ಅಕ್ಟೋಬರ್‌ನಲ್ಲಿ, ಪ್ರೀಮಿಯರ್ ಲೀಗ್‌ಗಿಂತ ಕೆಳಗಿನ ಮೂರು ಹಂತಗಳಾದ ಫುಟ್‌ಬಾಲ್ ಲೀಗ್‌ನ 72 ಕ್ಲಬ್‌ಗಳ ಮುಂದೆ ಇದು ಮತಕ್ಕೆ ಬಂತು. 46 ಪರ, 22 ವಿರುದ್ಧ. ಒಪ್ಪದಿದ್ದರೆ ಯುವ ತರಬೇತಿಗೆ ಪ್ರೀಮಿಯರ್ ಲೀಗ್ ಕೊಡುತ್ತಿದ್ದ ಹಣ ನಿಲ್ಲುತ್ತದೆ ಎಂಬ ಮಾತು ಮತಕ್ಕೆ ಮುಂಚೆ ಪತ್ರಿಕೆಗಳಲ್ಲಿ ಬಂದಿತ್ತು. ಕತ್ತಿನ ಮೇಲೆ ಕತ್ತಿ ಇಟ್ಟು ಕೇಳಿದ ಒಪ್ಪಿಗೆ ಅದು. ನನಗೆ ಇದರಲ್ಲಿ ಅನುಮಾನವೇ ಇಲ್ಲ.

ನಿಯಮ ಜಾರಿಗೆ ಬಂದ 2012ರಲ್ಲೇ ವಿಕಂಬ್ ವಾಂಡರರ್ಸ್ ಎಂಬ ಸಣ್ಣ ಕ್ಲಬ್ ತನ್ನ ಅಕಾಡೆಮಿ ಮುಚ್ಚಿತು. ಸಾಲದ ಹೊರೆಯೂ ಇತ್ತು, ನಿಜ. ಆದರೆ ಅದೇ ಅಕಾಡೆಮಿಯಿಂದ ಬಂದ ಜೋರ್ಡನ್ ಐಬ್ 15ನೇ ವಯಸ್ಸಿಗೇ ಮೊದಲ ತಂಡಕ್ಕೆ ಗೋಲು ಹೊಡೆದು, ಕೆಲವೇ ವಾರಗಳಲ್ಲಿ ಲಿವರ್‌ಪೂಲ್ ಸೇರಿದ್ದ. ಬ್ರೆಂಟ್‌ಫರ್ಡ್‌ನದೂ ಇದೇ ಕತೆ. 2016ರಲ್ಲಿ ಅವರ ಇಬ್ಬರು ಹದಿಹರೆಯದ ಹುಡುಗರು ಮ್ಯಾಂಚೆಸ್ಟರ್‌ನ ಎರಡು ದೊಡ್ಡ ಕ್ಲಬ್‌ಗಳಿಗೆ ಹೋದರು. ಒಬ್ಬೊಬ್ಬರಿಗಾಗಿ ಬ್ರೆಂಟ್‌ಫರ್ಡ್‌ಗೆ ಸಿಕ್ಕಿದ್ದು ಸುಮಾರು 30,000 ಪೌಂಡ್ ಎಂದು ಆಗ ವರದಿಯಾಯಿತು. ಆ ಮಟ್ಟದ ಅಕಾಡೆಮಿಯ ಕೆಲವು ದಿನಗಳ ಖರ್ಚಿಗೆ ಸಾಕಾಗುವ ದುಡ್ಡು. ಅದೇ ವರ್ಷ ಮೇ ತಿಂಗಳಲ್ಲಿ ಬಾಗಿಲು ಹಾಕುವ ತೀರ್ಮಾನ ಹೊರಬಿತ್ತು. ಬದಲಿಗೆ ಬೇರೆ ಕ್ಲಬ್‌ಗಳು ಕೈಬಿಟ್ಟ 17ರಿಂದ 21ರ ಹುಡುಗರನ್ನು ಆರಿಸಿ ಒಂದು 'ಬಿ ತಂಡ' ಕಟ್ಟಿದರು.

ಈಗ ನಿಮ್ಮ ಸಾಕ್ಷಿಗೆ ಬರೋಣ. 2021ರ ಮೇ 29ರಂದು ವೆಂಬ್ಲಿಯಲ್ಲಿ ಬ್ರೆಂಟ್‌ಫರ್ಡ್ ಸ್ವಾನ್ಸಿಯನ್ನು 2-0 ಗೋಲಿನಿಂದ ಸೋಲಿಸಿ ಪ್ರೀಮಿಯರ್ ಲೀಗ್‌ಗೆ ಏರಿತು. ಮೊದಲ ಗೋಲು ಐವನ್ ಟೋನಿಯ ಪೆನಾಲ್ಟಿ. ಆ ಸೀಸನ್ನಿನ ಲೀಗ್ ಪಂದ್ಯಗಳಲ್ಲೇ ಅವನು 31 ಗೋಲು ಹೊಡೆದಿದ್ದ. ಟೋನಿ ಬೆಳೆದದ್ದು ಎಲ್ಲಿ? ನಾರ್ಥಾಂಪ್ಟನ್ ಟೌನ್ ಎಂಬ ಕೆಳಹಂತದ ಕ್ಲಬ್ಬಿನ ಅಕಾಡೆಮಿಯಲ್ಲಿ. ಅವನಿಗಿಂತ ಮುಂಚೆ ಬ್ರೆಂಟ್‌ಫರ್ಡ್‌ಗೆ ಗೋಲು ಹೊಡೆಯುತ್ತಿದ್ದ ಆಲಿ ವಾಟ್ಕಿನ್ಸ್ ಬೆಳೆದದ್ದು ಎಕ್ಸೆಟರ್ ಸಿಟಿಯಲ್ಲಿ. ಬ್ರೆಂಟ್‌ಫರ್ಡ್‌ಗೆ ಆಡಿದ ಡಿಫೆಂಡರ್ ಎಝ್ರಿ ಕಾನ್ಸಾ ಚಾರ್ಲ್ಟನ್ ಅಕಾಡೆಮಿಯ ಹುಡುಗ. ಈ ಮೂವರೂ 2024ರ ಯೂರೋ ಕಪ್‌ನಲ್ಲಿ ಇಂಗ್ಲೆಂಡ್ ತಂಡದಲ್ಲಿದ್ದರು. ಸೆಮಿಫೈನಲ್‌ನಲ್ಲಿ ನೆದರ್ಲೆಂಡ್ಸ್ ವಿರುದ್ಧ ಕೊನೇ ಗಳಿಗೆಯಲ್ಲಿ ಗೆಲುವಿನ ಗೋಲು ಹೊಡೆದದ್ದು ಇದೇ ವಾಟ್ಕಿನ್ಸ್.

ಮೇಷ್ಟ್ರೇ, ನಿಮ್ಮ ಸಸಿಮಡಿಯ ಮಾತು ನನಗೆ ಬಹಳ ಹಿಡಿಸಿತು. ಅದನ್ನೇ ನಿಮ್ಮ ಮುಂದೆ ಇಡುತ್ತೇನೆ. ಸಸಿ ಕೊಂಡು ನಾಟಿ ಮಾಡಿದವನ ಗದ್ದೆ ಚೆನ್ನಾಗಿ ಬಂದಿದ್ದು ಸಸಿಮಡಿ ಬೇಡ ಅನ್ನುವುದಕ್ಕೆ ಸಾಕ್ಷಿ ಹೇಗಾಗುತ್ತದೆ? ಪಕ್ಕದ ಊರಲ್ಲಿ ಯಾರೋ ಬೀಜ ನೆನೆಸಿ, ಮಡಿ ಹಾಕಿ, ರಾತ್ರಿ ಎದ್ದು ನೀರು ಕಟ್ಟಿದ್ದಕ್ಕೆ ತಾನೇ ಇವನಿಗೆ ಸಸಿ ಸಿಕ್ಕಿದ್ದು? ಬ್ರೆಂಟ್‌ಫರ್ಡ್ ಜಾಣತನದಿಂದ ಆರಿಸಿತು. ಅದರಲ್ಲಿ ಎರಡು ಮಾತಿಲ್ಲ. ಆದರೆ ಎಕ್ಸೆಟರ್, ನಾರ್ಥಾಂಪ್ಟನ್, ಚಾರ್ಲ್ಟನ್ ಕೂಡ ಅದೇ ಲೆಕ್ಕ ಹಾಕಿ ಬಾಗಿಲು ಮುಚ್ಚಿದ್ದರೆ ಆರಿಸಲು ಯಾರಿರುತ್ತಿದ್ದರು?

ಎಕ್ಸೆಟರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇಡೀ ವಾದ ನಿಂತಿರುವುದೇ ಅಲ್ಲಿ. 2003ರಲ್ಲಿ ಆ ಕ್ಲಬ್ ದಿವಾಳಿಯ ಅಂಚಿನಲ್ಲಿತ್ತು. ಫುಟ್‌ಬಾಲ್ ಲೀಗ್‌ನಿಂದಲೇ ಕೆಳಗೆ ಬಿದ್ದಿತ್ತು. ಅಭಿಮಾನಿಗಳ ಸಂಘ ಅದನ್ನು ವಹಿಸಿಕೊಂಡಿತು. ಇವತ್ತಿಗೂ ಕ್ಲಬ್ ಅವರದೇ. ಶ್ರೀಮಂತ ಮಾಲೀಕ ಅಂತ ಯಾರೂ ಇಲ್ಲ. ಖರ್ಚು ಕಡಿಮೆ ಮಾಡಬೇಕಾಗಿ ಬಂದಾಗ ಅಕಾಡೆಮಿಯನ್ನೇ ಮೊದಲು ಕತ್ತರಿಸಬಹುದಿತ್ತು. ಅವರು ಕತ್ತರಿಸಲಿಲ್ಲ. ವಾಟ್ಕಿನ್ಸ್ ಚಿಕ್ಕವನಿದ್ದಾಗ ಮೊದಲ ಸಲ ಟ್ರಯಲ್‌ಗೆ ಬಂದು ಆಯ್ಕೆಯಾಗಲಿಲ್ಲ. ಮುಂದೆ ಮತ್ತೆ ಬಂದ, ಸೇರಿಸಿಕೊಂಡರು. ಹದಿನೆಂಟು ತುಂಬಿದಾಗಲೂ ಅವನು ಮೊದಲ ತಂಡದಲ್ಲಿ ನೆಲೆಯೂರಿರಲಿಲ್ಲ. ಆರನೇ ಹಂತದ ವೆಸ್ಟನ್ ಸೂಪರ್ ಮೇರ್‌ಗೆ ಆಡಿ ಬಾ ಎಂದು ಕಳಿಸಿದರು. ಕಾದರು. 2017ರಲ್ಲಿ ಬ್ರೆಂಟ್‌ಫರ್ಡ್ ಅವನನ್ನು ಸುಮಾರು 18 ಲಕ್ಷ ಪೌಂಡ್‌ಗೆ ಕೊಂಡಿತು. ಮೂರು ವರ್ಷಕ್ಕೆ ಆಸ್ಟನ್ ವಿಲ್ಲಾಗೆ 2 ಕೋಟಿ 80 ಲಕ್ಷ ಪೌಂಡ್‌ಗೆ ಮಾರಿತು. ಮುಂದಿನ ಮಾರಾಟದಲ್ಲಿ ತಮಗೊಂದು ಪಾಲು ಎಂದು ಎಕ್ಸೆಟರ್ ಒಪ್ಪಂದದಲ್ಲೇ ಬರೆಸಿಕೊಂಡಿತ್ತು. 2020ರಲ್ಲಿ, ಕೊರೊನಾದಿಂದ ಮೈದಾನಗಳೆಲ್ಲ ಖಾಲಿ ಹೊಡೆಯುತ್ತಿದ್ದಾಗ, ಆ ಪಾಲು ಕೈಗೆ ಬಂತು. ಸಸಿಮಡಿ ಹಾಕಿದವರಿಗೂ ಒಂದು ಪಾಲು ಸಿಕ್ಕರೆ ಮಡಿ ಉಳಿಯುತ್ತದೆ. ನಾನು ಕೇಳುತ್ತಿರುವುದು ಅಷ್ಟೇ.

ಬ್ರೆಂಟ್‌ಫರ್ಡ್‌ನ ಸ್ವಂತ ಮಡಿಯಲ್ಲೂ ಒಂದು ಸಸಿ ಉಳಿದಿತ್ತು. ಕ್ರಿಸ್ ಮೆಫಮ್ ಎಂಬ ಹುಡುಗನನ್ನು ಚೆಲ್ಸಿ 14ನೇ ವಯಸ್ಸಿಗೆ ಕೈಬಿಟ್ಟಿತ್ತು. ಬ್ರೆಂಟ್‌ಫರ್ಡ್ ಅಕಾಡೆಮಿ ಸೇರಿಸಿಕೊಂಡಿತು. ಅಕಾಡೆಮಿ ಮುಚ್ಚಿದಾಗ ಅವನಿಗೆ 18. ಹಾಗಾಗಿ ಬಿ ತಂಡದಲ್ಲಿ ಜಾಗ ಸಿಕ್ಕಿತು. 2019ರ ಜನವರಿಯಲ್ಲಿ ಅವನನ್ನು ಬೋರ್ನ್‌ಮತ್‌ಗೆ ಮಾರಿದಾಗ ಬಂದದ್ದು ಸುಮಾರು 1 ಕೋಟಿ 20 ಲಕ್ಷ ಪೌಂಡ್. ಅಕಾಡೆಮಿಯ ಎಷ್ಟು ವರ್ಷದ ಖರ್ಚು ಅದು, ನೀವೇ ಲೆಕ್ಕ ಹಾಕಿ. ಅವನು ಮೂರು ವರ್ಷ ಚಿಕ್ಕವನಾಗಿದ್ದರೆ ಅವನಿಗೂ ಮನೆಯ ದಾರಿ ತೋರಿಸುತ್ತಿದ್ದರು.

ನೀವು ಪತ್ರದಲ್ಲಿ ಇನ್ನೊಂದು ಮಾತು ಬರೆದಿದ್ದೀರಿ. "ಆ ಹುಡುಗರಿಗೆ ಏನು ನಷ್ಟ? ಇನ್ನೊಂದು ಕ್ಲಬ್ ಸೇರಿಕೊಳ್ಳುತ್ತಾರೆ." ಇದೊಂದನ್ನು ನಾನು ಒಪ್ಪಲಾರೆ. ಕೆಲವರು ಸೇರಿಕೊಂಡರು, ಹೌದು. ಆದರೆ ಆ ಮಕ್ಕಳ ವಾರ ಹೇಗಿರುತ್ತಿತ್ತು ಎಂದು ಯೋಚಿಸಿ. ಎಂಟು ಒಂಬತ್ತು ವರ್ಷಕ್ಕೇ ಕ್ಲಬ್ಬಿನ ಹೆಸರಿಗೆ ನೋಂದಣಿ. ವಾರದಲ್ಲಿ ಮೂರು ಸಂಜೆ ತರಬೇತಿ, ಕೊನೆಗೊಂದು ಪಂದ್ಯ. ಅಪ್ಪನೋ ಅಮ್ಮನೋ ಕೆಲಸ ಬೇಗ ಮುಗಿಸಿ ಕಾರಿನಲ್ಲಿ ಕರೆದುಕೊಂಡು ಹೋಗಬೇಕು. ಹುಡುಗ ಹಿಂದಿನ ಸೀಟಿನಲ್ಲೇ ಊಟ ಮಾಡುತ್ತಾನೆ, ಹೋಂವರ್ಕ್ ಮಾಡುತ್ತಾನೆ. ಗೆಳೆಯರ ಹುಟ್ಟುಹಬ್ಬ ತಪ್ಪಿಸಿಕೊಳ್ಳುತ್ತಾನೆ. ಶಾಲೆಯಲ್ಲಿ ಅವನು 'ಬ್ರೆಂಟ್‌ಫರ್ಡ್ ಹುಡುಗ'. ಅದೇ ಅವನ ಗುರುತು. ಒಂದು ದಿನ ಕರೆದು, ನೀನು ಕೆಟ್ಟದಾಗಿ ಆಡಿದೆ ಅಂತಲ್ಲ, ನಿನ್ನ ಅಕಾಡೆಮಿಯೇ ಇನ್ನಿಲ್ಲ ಅಂದರೆ ಹದಿಮೂರರ ಮಗು ಅದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ನಿಮ್ಮ ಶಾಲೆಯ ಇಬ್ಬರು ಹುಡುಗರನ್ನು ಕ್ರೀಡಾ ಹಾಸ್ಟೆಲ್‌ಗೆ ಕಳಿಸಿದ್ದೇನೆ ಎಂದು ಬರೆದಿದ್ದೀರಿ. ಆಯ್ಕೆಯ ದಿನ ಅವರ ಮುಖ ನೋಡಿದ್ದೀರಿ. ಟ್ರಂಕು ಹಿಡಿದು ಬಸ್ ಹತ್ತಿದ್ದನ್ನೂ ನೋಡಿದ್ದೀರಿ. ನಾಳೆ ಆ ಹಾಸ್ಟೆಲ್ ಮುಚ್ಚಿದರೆ "ಏನು ನಷ್ಟ?" ಎಂದು ನೀವು ಅವರ ತಾಯಂದಿರ ಮುಂದೆ ನಿಂತು ಕೇಳುತ್ತೀರಾ? ಕೇಳುವುದಿಲ್ಲ ಎಂದು ನನಗೆ ಗೊತ್ತು.

ಬರಿ ಎಂಬ ಊರಿನದು ಇನ್ನೂ ಕೆಟ್ಟ ಅನುಭವ. 1885ರಲ್ಲಿ ಹುಟ್ಟಿದ ಕ್ಲಬ್. ಇಂಗ್ಲೆಂಡಿನ ಹಳೆಯ ಟೂರ್ನಿಯಾದ ಎಫ್‌ಎ ಕಪ್ ಅನ್ನು ಎರಡು ಸಲ ಗೆದ್ದದ್ದು. ಹಣದ ಗೊಂದಲದಿಂದ 2019ರ ಆಗಸ್ಟ್ 27ರಂದು ಲೀಗ್‌ನಿಂದ ಹೊರಗೆ ಹಾಕಿದರು. ಅದೇ ದಿನ ಬೆಳಿಗ್ಗೆ, ಶನಿವಾರ ಪಂದ್ಯ ನಡೆಯಬಹುದೆಂದು ನಂಬಿ, ಊರಿನ ಜನ ಪೊರಕೆ ಹಿಡಿದು ಗಿಗ್ ಲೇನ್ ಮೈದಾನ ಗುಡಿಸಲು ಬಂದಿದ್ದರು. ಸುದ್ದಿಗಳೆಲ್ಲ ಮೊದಲ ತಂಡದ ಬಗ್ಗೆ ಬಂದವು. ಆ ಕ್ಲಬ್ ನಂಬಿಕೊಂಡಿದ್ದ ಮಕ್ಕಳ ಬಗ್ಗೆ ಬಂದದ್ದು ಕಡಿಮೆ.

ಹಾಗಾದರೆ ನಷ್ಟದಲ್ಲಿರುವ ಕ್ಲಬ್ ಅಕಾಡೆಮಿಯನ್ನು ಮುಚ್ಚಲೇಬಾರದೇ ಎಂದು ನೀವು ಕೇಳಬಹುದು. ನಾನು ಹಾಗೆ ಹೇಳುವುದಿಲ್ಲ. ಮುಚ್ಚಲೇಬೇಕಾದ ಸ್ಥಿತಿ ಬರುತ್ತದೆ. ಆಗ ಒಳಗಿರುವ ಮಕ್ಕಳು ತಮ್ಮ ವಯಸ್ಸಿನ ಹಂತ ಮುಗಿಸುವವರೆಗೆ ನಡೆಸಿ, ಹೊಸಬರನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಬಹುದು. ಹೊರಹೋದ ಮೇಲೂ ಕೈಹಿಡಿಯಬಹುದು. ಕ್ರಿಸ್ಟಲ್ ಪ್ಯಾಲೇಸ್ 2021ರಲ್ಲಿ, ಅಕಾಡೆಮಿ ಬಿಟ್ಟ 18ರಿಂದ 23ರ ಹುಡುಗರಿಗೆ ಮೂರು ವರ್ಷ ಜೊತೆಗಿದ್ದು ದಾರಿ ತೋರಿಸುವ ವ್ಯವಸ್ಥೆ ಶುರುಮಾಡಿತು. ಅದು ದೊಡ್ಡ ಕ್ಲಬ್, ಹಣ ಇದೆ. ಸಣ್ಣ ಕ್ಲಬ್‌ಗಳಿಗೆ ಆ ಹಣ ಎಲ್ಲಿಂದ ಬರಬೇಕು? ಅವರ ಸಸಿ ಒಯ್ದವರಿಂದಲೇ ಬರಬೇಕು. ದರಪಟ್ಟಿಯನ್ನು ತಿದ್ದಬೇಕು. ನಮ್ಮ ಲೇಖನ ಇದನ್ನು ನೇರವಾಗಿ ಬರೆಯಬೇಕಿತ್ತು. ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ಇನ್ನೊಂದು ಸಂಗತಿ ನಿಮ್ಮ ಪತ್ರದಲ್ಲಿ ಇರಲಿಲ್ಲ. 2022ರಲ್ಲಿ ಬ್ರೆಂಟ್‌ಫರ್ಡ್ ಮತ್ತೆ ಅಕಾಡೆಮಿ ತೆರೆಯಿತು. ಪ್ರೀಮಿಯರ್ ಲೀಗ್‌ನ ನಿಯಮದ ಒತ್ತಾಯವೂ ಅದಕ್ಕೆ ಒಂದು ಕಾರಣ. ಬ್ರೆಕ್ಸಿಟ್ ಆದ ಮೇಲೆ ಹದಿನೆಂಟು ತುಂಬದ ವಿದೇಶಿ ಹುಡುಗರನ್ನು ತರುವಂತಿಲ್ಲ ಎಂಬುದೂ ಇದೆ. ಕಾರಣ ಏನೇ ಇರಲಿ, ನನಗೆ ಖುಷಿಯಾಯಿತು. ಆದರೆ 2016ರಲ್ಲಿ ಹತ್ತು ವರ್ಷದವನಾಗಿದ್ದ ಹುಡುಗನಿಗೆ ಆಗ ಹದಿನಾರು. ಅವನ ಸರದಿ ಮುಗಿದಿತ್ತು.

ನಮ್ಮಲ್ಲೂ ಇದು ದೂರದ ಮಾತಲ್ಲ. 2025ರಲ್ಲಿ ನಮ್ಮ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್‌ಎಲ್ ನಡೆಯುವುದೇ ಅನುಮಾನವಾದಾಗ ಬೆಂಗಳೂರು ಎಫ್‌ಸಿ ಮೊದಲ ತಂಡದ ಸಂಬಳವನ್ನೇ ತಡೆಹಿಡಿಯಿತು. ಆದರೆ ಯುವ ತಂಡಗಳ ಕೆಲಸ ನಿಲ್ಲುವುದಿಲ್ಲ ಎಂದು ಆಗಲೇ ಹೇಳಿತು. ಸಂಬಳ ನಿಂತ ಆಟಗಾರರ ಕಷ್ಟ ಸಣ್ಣದಲ್ಲ. ಆದರೂ ಕತ್ತರಿ ಹಾಕುವಾಗ ಮಕ್ಕಳ ತರಬೇತಿಯನ್ನು ಕೊನೆಗೆ ಮುಟ್ಟಬೇಕು ಎಂಬ ಆ ಕ್ರಮ ನನಗೆ ಸರಿ ಅನ್ನಿಸಿತು.

ನಿಮ್ಮ ಆ ಇಬ್ಬರು ಹುಡುಗರು ಈಗ ಎಷ್ಟನೇ ತರಗತಿ? ರಜೆಗೆ ಊರಿಗೆ ಬಂದಾಗ ಅವರ ಕೈಯಲ್ಲೇ ನಮಗೊಂದು ಪತ್ರ ಬರೆಸಿ. ಹಾಸ್ಟೆಲ್‌ನಲ್ಲಿ ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಾರೆ, ಮೈದಾನ ಹೇಗಿದೆ, ಊಟ ಏನು ಕೊಡುತ್ತಾರೆ, ಎಲ್ಲ ಬರೆಯಲಿ. ಒಂದಕ್ಷರ ಕತ್ತರಿಸದೆ ಹಾಕುತ್ತೇವೆ.

ಸಂಪಾದಕ