ಫಾಸ್ಫಟೇಸ್‌ಗೆ ತನ್ನ ಪ್ರೋಟೀನ್ ಗೊತ್ತಾಗೋದು ಹೇಗೆ?

ಪ್ರಶ್ನೆ: ತಮ್ಮನಿಗೆ ಕಿಡ್ನಿ ಕಸಿ ಆಗಿದೆ, ದಿನಾ ಟ್ಯಾಕ್ರೊಲಿಮಸ್ ತಗೊಳ್ತಾನೆ. ಅದು ಕ್ಯಾಲ್ಸಿನ್ಯೂರಿನ್ ಅನ್ನುವ ಫಾಸ್ಫಟೇಸ್ ಕಿಣ್ವವನ್ನು ತಡೆಯುತ್ತದಂತೆ. ಈ ಕಿಣ್ವದ ಕೆಲಸ ಪ್ರೋಟೀನಿನಿಂದ ಫಾಸ್ಫೇಟ್ ಕೀಳುವುದು. ಜೀವಕೋಶದ ತುಂಬ ಫಾಸ್ಫೇಟ್ ಹೊತ್ತ ಪ್ರೋಟೀನುಗಳೇ ಇರುವಾಗ, ಯಾವುದಕ್ಕೆ ಕೈ ಹಾಕಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ?
– ಓದುಗರು, ಶಿವಮೊಗ್ಗ

ಉತ್ತರ: ಫಾಸ್ಫೇಟ್ ನೋಡಿಯೇ ಗುರುತು ಹಿಡಿಯುತ್ತದೆ ಅನ್ಸುತ್ತೆ, ಅಲ್ವಾ? ನಾನೂ ಓದುವಾಗ ಹಾಗೇ ತಿಳಿದಿದ್ದೆ. ಆದರೆ ಕ್ಯಾಲ್ಸಿನ್ಯೂರಿನ್ ಹಿಡಿಯುವ ಜಾಗ ಬೇರೆ, ಫಾಸ್ಫೇಟ್ ಕೀಳುವ ಜಾಗ ಬೇರೆ. ಹಸುವನ್ನು ಗೂಟಕ್ಕೆ ಕಟ್ಟಿ ಹಾಲು ಕರೆಯುತ್ತೇವಲ್ಲ, ಹಾಗೆ.

ನಿಮ್ಮ ತಮ್ಮನ ಮಾತ್ರೆಗೆ ಸಂಬಂಧಪಟ್ಟ ಪ್ರೋಟೀನನ್ನೇ ನೋಡೋಣ. ಹೆಸರು ಎನ್‌ಫ್ಯಾಟ್, ಇರುವುದು ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ಟಿ ಕೋಶಗಳಲ್ಲಿ. ಮೈಮೇಲೆ ಹತ್ತಕ್ಕೂ ಹೆಚ್ಚು ಫಾಸ್ಫೇಟ್. ಅವುಗಳಿಂದ ಒಂದಿಷ್ಟು ದೂರದಲ್ಲಿ ಆರು ಅಮೈನೋ ಆಮ್ಲಗಳ ಒಂದು ತುಂಡು ಇದೆ: ಪ್ರೋಲೀನ್, ಅರ್ಜಿನೀನ್, ಐಸೋಲ್ಯೂಸೀನ್, ಗ್ಲುಟಾಮಿಕ್ ಆಮ್ಲ, ಮತ್ತೆ ಐಸೋಲ್ಯೂಸೀನ್, ಥ್ರಿಯೊನೀನ್. ಇದೇ ಹಗ್ಗ. ಎರಡನೆಯದು, ನಾಲ್ಕನೆಯದು ಬದಲಾದರೂ ನಡೆಯುತ್ತದೆ, ಉಳಿದ ನಾಲ್ಕು ಮುಖ್ಯ. ಲ್ಯೂಸೀನ್, ಯಾವುದೋ ಒಂದು, ವ್ಯಾಲೀನ್, ಪ್ರೋಲೀನ್ ಅಂತ ಇನ್ನೊಂದು ಪುಟ್ಟ ತುಂಡೂ ಇದೆ. ಕ್ಯಾಲ್ಸಿಯಂ ಸಿಗ್ನಲ್ ಬಂದಾಗ ಅದು ಕಿಣ್ವದ ಬೇರೊಂದು ಸಂದಿಯಲ್ಲಿ ಕೂರುತ್ತದೆ. ಫಾಸ್ಫೇಟ್ ಕಳಚಿದ ಎನ್‌ಫ್ಯಾಟ್ ನ್ಯೂಕ್ಲಿಯಸ್‌ಗೆ ಹೋಗಿ ರೋಗನಿರೋಧಕ ಜೀನ್‌ಗಳನ್ನು ಎಬ್ಬಿಸುತ್ತದೆ.

ಮಜಾ ಏನಂದರೆ ಈ ಹಗ್ಗ ಸಡಿಲವಾಗಿಯೇ ಇರಬೇಕು. 1999ರಲ್ಲಿ ವಿಜ್ಞಾನಿಗಳು ಬಹಳಷ್ಟು ತುಂಡುಗಳಲ್ಲಿ ಹುಡುಕಿ, ಇನ್ನೂ ಗಟ್ಟಿಯಾಗಿ ಅಂಟುವ ಒಂದನ್ನು ಆರಿಸಿದರು. ಅದನ್ನು ಎನ್‌ಫ್ಯಾಟ್‌ಗೇ ಜೋಡಿಸಿದರೆ, ಸಿಗ್ನಲ್ ಇಲ್ಲದಿದ್ದರೂ ಅದು ಸುಮ್ನೆ ನ್ಯೂಕ್ಲಿಯಸ್‌ಗೆ ನುಗ್ಗಲು ಶುರುಮಾಡುತ್ತದೆ.

ಬೇರೆ ಫಾಸ್ಫಟೇಸ್‌ಗಳಿಗೆ ಬೇರೆ ಗುರುತುಗಳಿವೆ. ಪಿಪಿ1 ಹಿಡಿಯುವ ತುಂಡೇ ಬೇರೆ, ಪಿಪಿ2ಎ ಹಿಡಿಯುವುದೇ ಬೇರೆ.

ಇನ್ನು ಮಾತ್ರೆ. ಟ್ಯಾಕ್ರೊಲಿಮಸ್ ಒಂಟಿಯಾಗಿ ಏನೂ ಮಾಡಲ್ಲ. ಮೊದಲು ಎಫ್‌ಕೆಬಿಪಿ12 ಅನ್ನುವ ಪ್ರೋಟೀನನ್ನು ಜೊತೆ ಮಾಡಿಕೊಂಡು, ಆಮೇಲೆ ಆ ಎರಡನೇ ಸಂದಿಯಲ್ಲಿ ಕೂತುಬಿಡುತ್ತದೆ. ಫಾಸ್ಫೇಟ್ ಕೀಳುವ ಜಾಗ ತೆರೆದೇ ಇರುತ್ತದೆ. ಪುಟ್ಟ ರಾಸಾಯನಿಕ ಕೊಟ್ಟರೆ ಅದರ ಫಾಸ್ಫೇಟ್ ಕೀಳುತ್ತಲೂ ಇರುತ್ತದೆ. ಎನ್‌ಫ್ಯಾಟ್ ಮಾತ್ರ ಬಂದು ಕೂರಲಾಗದೆ ಹೊರಗೇ ಉಳಿಯುತ್ತದೆ. ಹಂದಿಗಳಿಗೆ ಬರುವ ಆಫ್ರಿಕನ್ ಜ್ವರದ ವೈರಸ್ ಕೂಡ ಇದೇ ಉಪಾಯ ಮಾಡುತ್ತದೆ, ಮಾತ್ರೆಗಿಂತ ಎಷ್ಟೋ ಮೊದಲೇ: ತನ್ನದೊಂದು ಪ್ರೋಟೀನಿನಲ್ಲಿ ಆ ಎರಡೂ ತುಂಡುಗಳ ನಕಲು ಇಟ್ಟುಕೊಂಡು ಕ್ಯಾಲ್ಸಿನ್ಯೂರಿನ್ನನ್ನು ಕಟ್ಟಿಹಾಕುತ್ತದೆ.