ಮಂಚದ ಮೇಲೆ ಗುಂಡ, ಹಾಲ್‌ನಲ್ಲಿ ಗಂಡ

ಪ್ರಶ್ನೆ: ಮದುವೆಯಾಗಿ ಒಂದೂವರೆ ವರ್ಷ ಆಯಿತು. ನನ್ನ ಜೊತೆ ನನ್ನ ನಾಯಿ ಗುಂಡನೂ ಈ ಮನೆಗೆ ಬಂದ. ಅವನಿಗೀಗ ಆರು ವರ್ಷ. ಎರಡು ತಿಂಗಳ ಮರಿಯಾಗಿದ್ದಾಗಿಂದ ನನ್ನ ಮಗ್ಗುಲಲ್ಲೇ ಮಲಗಿ ಅಭ್ಯಾಸ. ಮೊದಮೊದಲು ನಮ್ಮವರು ಏನೂ ಅನ್ನುತ್ತಿರಲಿಲ್ಲ. ಈಗ ನಿದ್ದೆಯೇ ಆಗುತ್ತಿಲ್ಲ ಅಂತ ಎರಡು ತಿಂಗಳಿಂದ ಹಾಲ್‌ನ ಸೋಫಾದಲ್ಲಿ ಮಲಗುತ್ತಿದ್ದಾರೆ. 'ನಾನು ಮದುವೆಯಾಗಿದ್ದು ನಿನ್ನೊಬ್ಬಳನ್ನ' ಅನ್ನುತ್ತಾರೆ. ಮೂರು ಸಲ ಗುಂಡನನ್ನು ಆಚೆ ಬಿಟ್ಟು ರೂಮಿನ ಬಾಗಿಲು ಹಾಕಿಕೊಂಡೆವು. ಬಾಗಿಲು ಕೆರೆದು, ಊಳಿಟ್ಟು ಒಂದೇ ರಂಪ. ಮೂರು ಸಲವೂ ಕೊನೆಗೆ ನಾನೇ ಎದ್ದು ಒಳಗೆ ಕರೆದುಕೊಂಡೆ. ಕಳೆದ ವಾರ ಅವನು ಮಲಗಿದ್ದಾಗ ನಮ್ಮವರು ಕುತ್ತಿಗೆಯ ಬೆಲ್ಟು ಹಿಡಿದು ಕೆಳಗಿಳಿಸಲು ಹೋದರು. ಗುರ್ ಅಂದುಬಿಟ್ಟ. 'ಮನೆ ಯಜಮಾನ ಅಂದ್ಕೊಂಡಿದ್ದಾನೆ, ಬಗ್ಗಿಸಬೇಕು' ಅನ್ನುತ್ತಿದ್ದಾರೆ. ಇಷ್ಟು ವಯಸ್ಸಾದ ಮೇಲೆ ಅವನು ಕಲಿಯುತ್ತಾನಾ? ಆರು ವರ್ಷ ಪಕ್ಕದಲ್ಲಿ ಮಲಗಿಸಿಕೊಂಡು ಈಗ ಕೆಳಗೆ ತಳ್ಳುವುದು ಮೋಸ ಅಲ್ವಾ? ಇಬ್ಬರಲ್ಲಿ ಒಬ್ಬರನ್ನು ಆರಿಸಿಕೋ ಅನ್ನುವ ಹಾಗಾಗಿದೆ.
– ಹೆಸರು ಬೇಡ

ಉತ್ತರ: ಆರಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ನಿಮ್ಮವರು ಮಂಚಕ್ಕೆ ವಾಪಸ್ ಬರಬಹುದು, ಗುಂಡ ಅದೇ ರೂಮಿನಲ್ಲಿ ಇರಬಹುದು. ಮಂಚ ಬಿಡುವುದು ಬೇರೆ, ರೂಮು ಬಿಡುವುದು ಬೇರೆ. ನೀವು ಮೂರು ಸಲವೂ ಎರಡನ್ನೂ ಒಟ್ಟಿಗೆ ಕಿತ್ತುಕೊಳ್ಳಲು ಹೋದಿರಿ. ಆರು ವರ್ಷ ಮೈಗೆ ಮೈ ತಾಗಿಸಿ ಮಲಗಿದವನ ಮುಖದ ಮೇಲೆ ಇದ್ದಕ್ಕಿದ್ದಂತೆ ಬಾಗಿಲು ಹಾಕಿದರೆ ಅವನು ಇನ್ನೇನು ಮಾಡಬೇಕು ಹೇಳಿ. ಕೆರೆದಿದ್ದೇ ಸರಿ ಅನ್ನುತ್ತೇನೆ ನಾನು.

ಮಂಚದ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಗುರ್. ಅದು ಹೊಸದು ಅಂತ ನಿಮ್ಮ ಪತ್ರ ಓದಿದರೆ ಅನಿಸುತ್ತದೆ. ಆರು ವರ್ಷ ಸುಮ್ಮನಿದ್ದ ನಾಯಿ ಈಗ ಮುಟ್ಟಿದರೆ ಗುರುಗುಟ್ಟುತ್ತದೆ ಅಂದರೆ ಎಲ್ಲೋ ನೋವಿರಬಹುದು. ಸೊಂಟ, ಮೊಣಕಾಲು, ಕಿವಿ, ಹಲ್ಲು, ಏನು ಬೇಕಾದರೂ ಇರಬಹುದು. ನೋವನ್ನು ಮುಚ್ಚಿಟ್ಟುಕೊಳ್ಳುವುದರಲ್ಲಿ ನಾಯಿಗಳು ಗಟ್ಟಿ. ಆದ್ದರಿಂದ ಈ ವಾರವೇ ಪಶುವೈದ್ಯರಿಗೆ ತೋರಿಸಿ. ಮಂಚ ಹತ್ತುವಾಗ ಒಂದು ಕ್ಷಣ ಹಿಂದೆಮುಂದೆ ನೋಡುತ್ತಾನಾ, ಮಲಗಿ ಎದ್ದಾಗ ಕಾಲು ಬಿಗಿ ಹಿಡಿದಂತೆ ನಡೆಯುತ್ತಾನಾ ಅಂತ ಗಮನಿಸಿ ಅವರಿಗೆ ಹೇಳಿ. ನೋವು ಇಲ್ಲ ಅಂತ ಗೊತ್ತಾದರೂ ಆ ಗುರ್‌ಗೆ ಸುಲಭದ ಕಾರಣವೊಂದು ಇದ್ದೇ ಇದೆ. ನಿದ್ದೆಯಲ್ಲಿದ್ದವನ ಕುತ್ತಿಗೆಗೆ ಕತ್ತಲಲ್ಲಿ ಒಂದು ಕೈ ಬಂತು. ಬೆಚ್ಚಿಬಿದ್ದ.

ನಿಮ್ಮವರಿಗೆ ಇದನ್ನು ಓದಿ ಹೇಳಿ: ಗುರುಗುಟ್ಟಿದ್ದಕ್ಕೆ ಬೈಯಬೇಡಿ, ಕೈ ಎತ್ತುವುದಂತೂ ಬೇಡವೇ ಬೇಡ. ಗುರ್ ಅನ್ನುವುದು ಕಚ್ಚುವ ಮುಂಚೆ ನಾಯಿ ಕೊಡುವ ಎಚ್ಚರಿಕೆ. ಅದಕ್ಕೆ ಏಟು ಬಿದ್ದರೆ ಅವನಲ್ಲಿರುವ ಭಯ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ಮುಂದಿನ ಸಲ ಸದ್ದೇ ಇಲ್ಲದೆ ಹಲ್ಲು ಬೀಳಬಹುದು. ಇನ್ನು ಮೇಲೆ ಅವನನ್ನು ಮಂಚದಿಂದ ಇಳಿಸುವಾಗ ಯಾರೂ ಮೈಗೆ ಕೈ ಹಾಕಬೇಡಿ. ದೂರದಿಂದ ಹೆಸರು ಹಿಡಿದು ಎಬ್ಬಿಸಿ, ಆಮೇಲೆ ಕರೆಯಿರಿ. ಹೀಗೆ ಮಾಡಿದ ಮೇಲೂ ಗುರ್ ಜಾಸ್ತಿಯಾಗುತ್ತಿದ್ದರೆ, ಅಥವಾ ಹಲ್ಲು ತೋರಿಸಿ ಮೇಲೆ ಬರುತ್ತಿದ್ದರೆ, ನಾನು ಕೆಳಗೆ ಬರೆದಿದ್ದನ್ನೆಲ್ಲ ಪಕ್ಕಕ್ಕಿಡಿ. ನಾಯಿಗಳ ನಡವಳಿಕೆ ಬಲ್ಲವರು ಎದುರಿಗೆ ಕೂತು ನೋಡಬೇಕಾದ ವಿಷಯ ಅದು.

ಮನೆ ಯಜಮಾನ ಆಗಲು ಹೊರಟಿದ್ದಾನೆ ಅನ್ನುವ ಮಾತಿಗೂ ಒಂದು ಹಿನ್ನೆಲೆ ಇದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬುವರು ಬೇಲಿಯೊಳಗೆ ಕೂಡಿಹಾಕಿದ್ದ ತೋಳಗಳನ್ನು ನೋಡಿ, ಅವು ಮೇಲುಗೈಗಾಗಿ ಕಾದಾಡುತ್ತವೆ ಅಂತ ಬರೆದರು. ಆ ಮಾತು ಹೇಗೋ ಸಾಕುನಾಯಿಯ ತಲೆಗೂ ಸುತ್ತಿಕೊಂಡಿತು. ಮಂಚ ಹತ್ತಿದರೆ ಪಟ್ಟ ಏರಿದ ಹಾಗೆ ಅನ್ನುವ ನಂಬಿಕೆ ಅಲ್ಲಿಂದಲೇ ಬೆಳೆದಿದ್ದು. ಈ ವಿಚಾರವನ್ನು ಜನಪ್ರಿಯ ಮಾಡಿದವರಲ್ಲಿ ಒಬ್ಬರಾದ ತೋಳಗಳ ಸಂಶೋಧಕ ಡೇವಿಡ್ ಮೀಚ್ ಅವರೇ 1999ರಲ್ಲಿ ಅದನ್ನು ತಿದ್ದಿದರು. ಕಾಡಿನಲ್ಲಿ ತೋಳದ ಗುಂಪು ಅಂದರೆ ಬಹುಮಟ್ಟಿಗೆ ಅಪ್ಪ, ಅಮ್ಮ ಮತ್ತು ಮಕ್ಕಳು, ಅಷ್ಟೇ. ಗುಂಡ ಮಂಚ ಹತ್ತುವುದಕ್ಕೆ ಕಾರಣ ಹುಡುಕಲು ಕಾಡಿಗೆ ಹೋಗಬೇಕಾಗಿಲ್ಲ. ಮಂಚ ಮೆತ್ತಗಿದೆ, ಬೆಚ್ಚಗಿದೆ, ಅಲ್ಲಿ ನೀವಿದ್ದೀರಿ.

ಹಾಗಂತ ನಿಮ್ಮವರದು ಬರೀ ನೆಪ ಅಂದುಕೊಳ್ಳಬೇಡಿ. ನಾಯಿಯ ನಿದ್ದೆ ನಮ್ಮ ಹಾಗೆ ರಾತ್ರಿಯಿಡೀ ಒಂದೇ ಸಮ ಇರುವುದಿಲ್ಲ. ಸ್ವಲ್ಪ ಹೊತ್ತು ನಿದ್ದೆ, ನಡುವೆ ಎಚ್ಚರ, ಮತ್ತೆ ನಿದ್ದೆ. ಆ ಎಚ್ಚರದ ಹೊತ್ತಲ್ಲೇ ಎದ್ದು ಒಂದು ಸುತ್ತು ಹಾಕುವುದು, ಕಿವಿ ಪಟಪಟ ಒದರುವುದು, ಕಾಲು ನೆಕ್ಕಿಕೊಳ್ಳುವುದು, ನಾಲ್ಕೂ ಕಾಲು ಚಾಚಿ ಪಕ್ಕದವರ ಬೆನ್ನಿಗೆ ಒದ್ದು ಮಲಗುವುದು. ಮೈಬಿಸಿಯೂ ನಮಗಿಂತ ಜಾಸ್ತಿ, 38ರಿಂದ 39 ಡಿಗ್ರಿ ಸೆಲ್ಸಿಯಸ್. ನಿಮಗೆ ಆರು ವರ್ಷದ ರೂಢಿ, ಅವರಿಗೆ ಇಲ್ಲ. ಅಮೆರಿಕದ ಮೇಯೋ ಕ್ಲಿನಿಕ್‌ನವರು 40 ಜನರ ನಿದ್ದೆ ಅಳೆದು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ನಾಯಿ ರೂಮಿನಲ್ಲಿ ಬೇರೆ ಕಡೆ ಮಲಗಿದಾಗ ಜನರ ನಿದ್ದೆಗೆ ಅಂಥ ತೊಂದರೆ ಕಾಣಲಿಲ್ಲ. ಮಂಚದ ಮೇಲೆ ಮಲಗಿದಾಗ ಸ್ವಲ್ಪ ಕೆಟ್ಟಿತು. ದೊಡ್ಡ ವ್ಯತ್ಯಾಸವೇನಲ್ಲ, ಆದರೂ ನಿಮ್ಮ ಮನೆಯ ಜಗಳಕ್ಕೆ ಬೇಕಾದ ರಾಜಿ ಅದರಲ್ಲೇ ಇದೆ. ರೂಮಿನಲ್ಲಿ ಇರಲಿ, ಮಂಚದ ಮೇಲೆ ಬೇಡ.

ಈಗ ನಿಮಗೆ ಸ್ವಲ್ಪ ಖಾರವಾಗಿ ಹೇಳಬೇಕು. ಗುಂಡನಿಗಿಂತ ನಿಮ್ಮ ಮನಸ್ಸು ಗಟ್ಟಿಯಾಗಬೇಕಾಗಿದೆ. ಮಗು ಚಿವುಟುವುದೂ ನೀವೇ, ತೊಟ್ಟಿಲು ತೂಗುವುದೂ ನೀವೇ. ಹೊರಗೆ ಹಾಕಿದಿರಿ, ಅವನು ರಂಪ ಮಾಡಿದ, ನೀವು ಬಾಗಿಲು ತೆರೆದಿರಿ. ಇದರಿಂದ ಅವನು ಏನು ಕಲಿತ? 'ಕೂಗಿದರೆ ಬಾಗಿಲು ತೆರೆಯುತ್ತದೆ, ಬೇಗ ತೆರೆಯದಿದ್ದರೆ ಇನ್ನೂ ಜೋರಾಗಿ ಕೂಗಬೇಕು.' ಯಾವಾಗಲೂ ಸಿಗುವ ವಸ್ತು ಒಂದು ದಿನ ನಿಂತುಹೋದರೆ ಪ್ರಾಣಿ ಬೇಗ ಆಸೆ ಬಿಡುತ್ತದೆ. ಒಮ್ಮೆ ಸಿಕ್ಕಿ, ಒಮ್ಮೆ ಸಿಗದೇ ಹೋಗುವುದನ್ನು ಮಾತ್ರ ಬಿಡುವುದೇ ಇಲ್ಲ. ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳಲ್ಲಿ ಇದನ್ನು ತೋರಿಸಿಕೊಟ್ಟು ಎಷ್ಟೋ ದಶಕ ಆಯಿತು. ಜೂಜಿಗೆ ಕೂತವನು ಏಳದೇ ಇರುವುದೂ ಇದೇ ಕಾರಣಕ್ಕೆ. ಆದ್ದರಿಂದ 'ಇವತ್ತೊಂದು ದಿನ ಮಲಗಲಿ ಬಿಡು' ಅನ್ನುವುದು ಕರುಣೆ ಅಂದುಕೊಳ್ಳಬೇಡಿ. ಆ ಒಂದು ದಿನ ಇನ್ನೂ ಹತ್ತು ದಿನದ ಅಳುವನ್ನು ಅವನ ತಲೆಗೆ ಕಟ್ಟುತ್ತದೆ.

ಸರಿ, ಮಾಡುವುದು ಹೇಗೆ?

ಅವನದೇ ಒಂದು ಹಾಸಿಗೆ ತನ್ನಿ. ತೆಳ್ಳಗಿನ ರಗ್ಗು ಸಾಲದು. ಮಂಚಕ್ಕೆ ಪೈಪೋಟಿ ಕೊಡುವಷ್ಟು ದಪ್ಪ ಇರಲಿ, ಕಾಲು ಚಾಚಿ ಮಲಗುವಷ್ಟು ಅಗಲ ಇರಲಿ. ನೀವು ಹಾಕಿ ಬಿಟ್ಟ, ಒಗೆಯದ ಒಂದು ಹಳೆ ಬಟ್ಟೆಯನ್ನು ಅದರ ಮೇಲೆ ಹಾಸಿ. ಅವನಿಗೆ ಬೇಕಾದದ್ದು ಅರ್ಧ ನೀವು, ಅರ್ಧ ನಿಮ್ಮ ವಾಸನೆ.

ರಾತ್ರಿ ಶುರು ಮಾಡಬೇಡಿ. ಬಹಳ ಜನ ಎಡವುವುದು ಇಲ್ಲೇ. ಮೊದಲ ಒಂದು ವಾರ ಪಾಠವೆಲ್ಲ ಹಗಲಲ್ಲಿ ನಡೆಯಲಿ. ಹಾಸಿಗೆಯನ್ನು ಹಾಲ್‌ನಲ್ಲಿ ನಿಮ್ಮ ಕಾಲ ಹತ್ತಿರ ಹಾಕಿ. ಅವನು ಅದರ ಮೇಲೆ ಒಂದು ಕಾಲಿಟ್ಟರೂ ಸಾಕು, ಇಷ್ಟದ ತಿನಿಸಿನ ಒಂದು ಚೂರನ್ನು ಹಾಸಿಗೆಯ ಮೇಲೇ ಹಾಕಿ. ನಿಮ್ಮ ಕೈಯಿಂದ ಕೊಟ್ಟರೆ ಅವನ ಗಮನ ಕೈಯಲ್ಲಿರುತ್ತದೆ. ಹಾಸಿಗೆ ಮೇಲೆ ಬಿದ್ದರೆ ಹಾಸಿಗೆ ಒಳ್ಳೆಯ ಜಾಗ ಅಂತ ಅನಿಸುತ್ತದೆ. ಕೂತರೆ ಇನ್ನೊಂದು, ಮಲಗಿದರೆ ಮತ್ತೊಂದು. ಗದ್ದವನ್ನು ಹಾಸಿಗೆಗೆ ಊರಿ ಉಸ್ಸಪ್ಪಾ ಅಂತ ಉಸಿರು ಬಿಟ್ಟನಲ್ಲ, ಅದಕ್ಕೆ ಎರಡು ಚೂರು. ಆಮೇಲೆ ಒಂದು ಮಾತು ಸೇರಿಸಿ, 'ನಿನ್ನ ಜಾಗ' ಅಂತಲೋ ಇನ್ನೇನೋ. ಇಬ್ಬರೂ ಅದೇ ಮಾತು ಹೇಳಬೇಕು. ಇದರ ಜೊತೆಗೆ 'ಇಳಿ' ಅನ್ನುವುದನ್ನೂ ಕಲಿಸಿ. ಸೋಫಾದ ಮೇಲಿದ್ದಾಗ ನೆಲಕ್ಕೆ ಒಂದು ಚೂರು ಎಸೆಯಿರಿ, ಇಳಿಯುವಾಗ 'ಇಳಿ' ಅನ್ನಿ. ಕೆಲವೇ ದಿನಕ್ಕೆ ಬರೀ ಮಾತಿಗೆ ಇಳಿಯುತ್ತಾನೆ. ಆಗ ನಿಮ್ಮವರು ಇನ್ನೊಮ್ಮೆ ಬೆಲ್ಟಿಗೆ ಕೈ ಹಾಕುವ ಪ್ರಮೇಯವೇ ಬರುವುದಿಲ್ಲ. ಈ ದಿನಗಳಲ್ಲಿ ಹಗಲು ಹೊತ್ತು ರೂಮಿನ ಬಾಗಿಲು ಮುಚ್ಚಿರಲಿ, ನೀವಿಲ್ಲದಾಗ ಮಂಚದಲ್ಲಿ ಗೊರಕೆ ಹೊಡೆಯುವುದು ಬೇಡ.

ರಾತ್ರಿಗೆ ಹೋಗುವಾಗ ಹಾಸಿಗೆಯನ್ನು ನಿಮ್ಮ ಮಂಚಕ್ಕೆ ತಾಗಿಸಿ, ನೀವು ಮಲಗುವ ಬದಿಯಲ್ಲೇ ಹಾಕಿ. ಕೈ ಇಳಿಬಿಟ್ಟರೆ ಅವನ ತಲೆ ಸಿಗಬೇಕು. ಆ ಸಂಜೆ ಚೆನ್ನಾಗಿ ಓಡಾಡಿಸಿ, ಮಲಗುವ ಮುಂಚೆ ಹೊರಗೆ ಕರೆದುಕೊಂಡು ಹೋಗಿ ಬನ್ನಿ. ಆಮೇಲೆ ದೀಪ ಆರಿಸಿ.

ಅವನು ಹತ್ತೇ ಹತ್ತುತ್ತಾನೆ. ನಡುರಾತ್ರಿ ಒದ್ದೆ ಮೂಗು ನಿಮ್ಮ ಮಣಿಕಟ್ಟಿಗೆ ತಾಗುತ್ತದೆ. ಮುಂಗಾಲೆರಡು ಮಂಚದ ಅಂಚಿಗೆ ಬರುತ್ತವೆ, ನಿಮ್ಮ ಹಾಸಿಗೆ ಆ ಮೂಲೆಯಲ್ಲಿ ಸ್ವಲ್ಪ ಕುಸಿಯುತ್ತದೆ. ನೀವು ಏನು ಮಾಡುತ್ತೀರಿ ಅನ್ನುವುದರ ಮೇಲೆ ಮಿಕ್ಕಿದ್ದೆಲ್ಲ ನಿಂತಿದೆ. ಬೈಯಬೇಡಿ. ಮುದ್ದು ಮಾಡಬೇಡಿ. 'ಬೇಡ ಕಣೋ ರಾಜಾ, ಅಮ್ಮ ಹೇಳಿದ್ದೇನು' ಅಂತ ಭಾಷಣ ಮಾಡಬೇಡಿ, ಆ ಹೊತ್ತಿನಲ್ಲಿ ಮಾತೂ ಅವನಿಗೆ ಬಹುಮಾನವೇ. ಕಣ್ಣನ್ನೂ ನೋಡದೆ ಎದ್ದು ಕೂತು, ತಣ್ಣಗೆ 'ಇಳಿ' ಅನ್ನಿ, ಕೆಳಗಿನ ಹಾಸಿಗೆಗೆ ಬೆರಳು ತೋರಿಸಿ. ಇಳಿದ ಮೇಲೆ ಮೆಲ್ಲಗೆ ಒಂದು 'ಜಾಣ'. ಬೇಕಿದ್ದರೆ ಕೈ ಕೆಳಗಿಟ್ಟು ಅವನ ಬೆನ್ನ ಮೇಲೆ ಹಾಗೇ ಬಿಡಿ. ಮತ್ತೆ ಹತ್ತಿದರೆ ಮತ್ತೆ ಅದನ್ನೇ. ಹತ್ತು ಸಲ ಹತ್ತಿದರೆ ಹತ್ತು ಸಲವೂ ಅದನ್ನೇ, ಅದೇ ದನಿಯಲ್ಲಿ. ಮಾರನೆಯ ದಿನ ಬೇಗ ಏಳಬೇಕಾದ ಕೆಲಸವಿದ್ದರೆ ಆ ರಾತ್ರಿ ಶುರು ಮಾಡಬೇಡಿ, ರಜೆ ನೋಡಿಕೊಂಡು ಶುರು ಮಾಡಿ.

ಸ್ವಲ್ಪ ದಿನಕ್ಕೆ ಸರಿಹೋಯಿತು ಅಂದುಕೊಳ್ಳುವಷ್ಟರಲ್ಲಿ ಒಂದು ರಾತ್ರಿ ಹಠ ಎಂದಿಗಿಂತ ಜೋರಾಗಬಹುದು. ಕುಂಯ್‌ಗುಟ್ಟುವುದು, ಮಂಚದ ಸುತ್ತ ತಿರುಗುವುದು, ಹೊದಿಕೆ ಎಳೆಯುವುದು. ಹಳೆಯ ಉಪಾಯ ಕೆಲಸ ಮಾಡದಿದ್ದಾಗ ಅದನ್ನೇ ಇನ್ನೂ ಜೋರಾಗಿ ಮಾಡಿ ನೋಡುವುದು ಪ್ರಾಣಿಗಳ ಗುಣ, ನಮ್ಮದೂ ಹೌದು. ಅಭ್ಯಾಸ ಬಿಟ್ಟುಹೋಗುವ ಮುಂಚೆ ಹೀಗಾಗುತ್ತದೆ. ಅಂದು ಸೋತರೆ ಅಷ್ಟೂ ದಿನದ ಶ್ರಮ ನೀರುಪಾಲು. ಆದರೆ ಹಠ ಬೇರೆ, ಗಾಬರಿ ಬೇರೆ. ಜೊಲ್ಲು ಸುರಿಸುತ್ತಿದ್ದರೆ, ಮೈ ನಡುಗುತ್ತಿದ್ದರೆ, ಉಗುರಲ್ಲಿ ರಕ್ತ ಬರುವ ಹಾಗೆ ಕೆರೆಯುತ್ತಿದ್ದರೆ ಹಾಗೇ ಬಿಡಬೇಡಿ, ಡಾಕ್ಟರಿಗೆ ಹೇಳಿ. ಹಾಗೆಯೇ ಎಂದೂ ಇಲ್ಲದೆ ರಾತ್ರಿ ಎಬ್ಬಿಸಿ ಬಾಗಿಲ ಕಡೆ ಹೋಗುತ್ತಿದ್ದರೆ ಅದು ಮಂಚದ ಆಸೆ ಅಲ್ಲ, ಹೊರಗೆ ಹೋಗಬೇಕಾಗಿದೆ ಅಂತ.

ಎರಡು ವಾರ ನೆಮ್ಮದಿಯಾಗಿ ಕಳೆದ ಮೇಲೆ ಹಾಸಿಗೆಯನ್ನು ಒಂದೊಂದು ಮಾರು ದೂರ ಸರಿಸುತ್ತಾ ನಿಮಗೆ ಬೇಕಾದ ಮೂಲೆಗೆ ಒಯ್ಯಬಹುದು. ಮಂಚದ ಪಕ್ಕವೇ ಇದ್ದರೂ ತೊಂದರೆಯಿಲ್ಲ ಅಂದರೆ ಸರಿಸುವ ಗೋಜಿಗೇ ಹೋಗಬೇಡಿ.

ವಯಸ್ಸಿನ ಮಾತು ಬಿಡಿ. ಆರು ವರ್ಷದ ನಾಯಿ ಧಾರಾಳವಾಗಿ ಕಲಿಯುತ್ತದೆ, ಮರಿಗಿಂತ ತಾಳ್ಮೆಯೂ ಜಾಸ್ತಿ. ಮೋಸ ಅಂದಿರಲ್ಲ, ಅವನು ಕಳೆದುಕೊಳ್ಳುತ್ತಿರುವುದು ಎರಡಡಿ ಎತ್ತರ ಮಾತ್ರ. ನೀವು ಎಲ್ಲೂ ಹೋಗುತ್ತಿಲ್ಲ. ವಯಸ್ಸಾದಂತೆ ಕೀಲು ಸವೆಯುತ್ತದೆ, ಆಗ ರಾತ್ರಿಯೆಲ್ಲ ಮಂಚದಿಂದ ಧುಮುಕುವ ಅಭ್ಯಾಸ ಇಲ್ಲದಿದ್ದರೆ ಅವನಿಗೇ ಒಳ್ಳೆಯದು.

ನಿಮ್ಮವರ ಬಗ್ಗೆ ಎರಡು ಮಾತು. ಗುಂಡ ಕಲಿತ ಮೇಲೆ ಬರುತ್ತೇನೆ ಅಂತ ಅವರು ಸೋಫಾದಲ್ಲೇ ಕೂರುವುದು ಬೇಡ. ರಾತ್ರಿಯ ಪಾಠ ಶುರುವಾಗುವ ದಿನವೇ ಮಂಚಕ್ಕೆ ಬರಲಿ. ಇಲ್ಲದಿದ್ದರೆ ಅವರು ಖಾಲಿ ಬಿಟ್ಟ ಜಾಗಕ್ಕೆ ಗುಂಡ ಹತ್ತುವುದನ್ನು ನೀವೊಬ್ಬರೇ ತಡೆಯುತ್ತಾ ಕೂರಬೇಕು. ಮಲಗುವ ಮುಂಚಿನ ತಿನಿಸಿನ ಚೂರನ್ನು ಕೆಳಗಿನ ಹಾಸಿಗೆಗೆ ಹಾಕುವ ಕೆಲಸ ದಿನಾ ಅವರದೇ ಆಗಲಿ. ಮಂಚ ಕಿತ್ತುಕೊಂಡವರು ಅಂತ ಗುಂಡನಿಗೆ ಅವರ ಮೇಲೆ ಮುನಿಸು ಬರುವುದು ಬೇಡ. ಇನ್ನೊಂದು, ಇದನ್ನು ಕೇಳಿ ಬೇಜಾರು ಮಾಡಿಕೊಳ್ಳಬೇಡಿ. ಎರಡು ತಿಂಗಳು ಬೇರೆ ಕಡೆ ಮಲಗುವುದು ಬರೀ ನಾಯಿ ಕೂದಲಿನ ವಿಷಯ ಆಗಿರಲಿಕ್ಕಿಲ್ಲ. 'ನಿನ್ನೊಬ್ಬಳನ್ನ' ಅನ್ನುವ ಮಾತಿನಲ್ಲಿ ಸಿಟ್ಟಿಗಿಂತ ನೋವು ಜಾಸ್ತಿ ಕೇಳುತ್ತಿದೆ ನನಗೆ. ಗುಂಡನ ಹೆಸರು ಎತ್ತದೆ ಒಂದು ದಿನ ಅವರ ಜೊತೆ ಕೂತು ಮಾತಾಡಿ. ಹಗಲಲ್ಲಿ ಮಾತಾಡಿ, ನಿದ್ದೆಗೆಟ್ಟ ರಾತ್ರಿ ಬೇಡ.

ಮಂಚ ಅವನಿಗೆ ಶಾಶ್ವತವಾಗಿ ನಿಷಿದ್ಧವಾ? ಹಾಗೇನಿಲ್ಲ. ತಿಂಗಳು ಒಂದೂವರೆ ತಿಂಗಳು ಕೆಳಗೇ ಮಲಗಿ ರೂಢಿಯಾದ ಮೇಲೆ, ಆ ಗುರ್ ಮತ್ತೆ ಕೇಳಿಸದೇ ಇದ್ದರೆ, ಬೆಳಿಗ್ಗೆ ಇಬ್ಬರಿಗೂ ಎಚ್ಚರವಾದ ಮೇಲೆ ಸ್ವಲ್ಪ ಹೊತ್ತು ಮೇಲೆ ಕರೆಯಬಹುದು. ಕರೆದರೆ ಮಾತ್ರ ಹತ್ತಬೇಕು, 'ಇಳಿ' ಅಂದರೆ ಇಳಿಯಬೇಕು. ಕರೆಯುವ ಮುಂಚೆ ನಿಮ್ಮವರನ್ನು ಒಂದು ಮಾತು ಕೇಳಿ.